ಹತ್ತಿಯ ಹಣ, ಕುರ್ಲಾದ ಕಲ್ಲು: ಮುಂಬಯಿ ವಿಶ್ವವಿದ್ಯಾಲಯದ ಘಟಿಕೋತ್ಸವ ಭವನ ಮತ್ತು ರಾಜಾಬಾಯಿ ಗೋಪುರ

ಭಾರತದ ಮೊದಲ ಮೂರು ಆಧುನಿಕ ವಿಶ್ವವಿದ್ಯಾಲಯಗಳು ಹುಟ್ಟಿದ್ದು ಸಿಪಾಯಿಗಳ ದಂಗೆಯ ವರ್ಷವಾದ 1857ರಲ್ಲಿ. ಕಂಪನಿ ಸರ್ಕಾರದ ಶಿಕ್ಷಣ ನೀತಿಯನ್ನು ನಿರ್ಧರಿಸಿದ 1854ರ ವುಡ್‌ ಆದೇಶಪತ್ರದ ಸಲಹೆಯಂತೆ ಜನವರಿಯಲ್ಲಿ ಕಲ್ಕತ್ತದಲ್ಲಿ, ಜುಲೈ 18ರಂದು ಮುಂಬಯಿಯಲ್ಲಿ, ಸೆಪ್ಟೆಂಬರಿನಲ್ಲಿ ಮದ್ರಾಸಿನಲ್ಲಿ ಅವು ಶಾಸನಬದ್ಧವಾಗಿ ಅಸ್ತಿತ್ವಕ್ಕೆ ಬಂದವು. ಲಂಡನ್ ವಿಶ್ವವಿದ್ಯಾಲಯದ ಅಂದಿನ ಮಾದರಿಯನ್ನು ಅನುಸರಿಸಿದ ಈ ಸಂಸ್ಥೆಗಳಲ್ಲಿ ಪಾಠ ನಡೆಯುತ್ತಿರಲಿಲ್ಲ. ಕಾಲೇಜುಗಳಿಗೆ ಮಾನ್ಯತೆ ಕೊಡುವುದು, ಪಠ್ಯಕ್ರಮ ಗೊತ್ತುಪಡಿಸುವುದು, ಪರೀಕ್ಷೆ ನಡೆಸುವುದು, ಪದವಿ ನೀಡುವುದು ಇಷ್ಟೇ ಅವುಗಳ ಕೆಲಸವಾಗಿತ್ತು. ಹೀಗಾಗಿ ಮುಂಬಯಿ ವಿಶ್ವವಿದ್ಯಾಲಯಕ್ಕೆ ಆರಂಭದಲ್ಲಿ ಸ್ವಂತ ಕಟ್ಟಡವೆಂಬುದೇ ಇರಲಿಲ್ಲ. ಅದರ ಕಚೇರಿಯೂ ಸಭೆಗಳೂ ಊರಿನ ಟೌನ್‌ಹಾಲ್‌ನಲ್ಲಿ ಆಶ್ರಯ ಪಡೆದಿದ್ದವು. ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಲ ಭಾಂಡಾರ್ಕರ್ ಮೊದಲಾದವರಿದ್ದ ಪ್ರಥಮ ಬಿ.ಎ. ತಂಡ 1862ರಲ್ಲಿ ಹೊರಬಂದಾಗಲೂ ವಿಶ್ವವಿದ್ಯಾಲಯವೆಂದರೆ ಒಂದು ಕಾಯ್ದೆ, ಒಂದು ಸೆನೆಟ್ ಮತ್ತು ಒಂದಿಷ್ಟು ದಾಖಲೆಗಳ ಕಡತಗಳು ಮಾತ್ರವಾಗಿದ್ದವು.

ಈ ಸಂಸ್ಥೆಗೆ ಕಲ್ಲಿನ ಮೈ ಬರಲು ಕಾರಣವಾದದ್ದು ಮುಂಬಯಿಯಿಂದ ಸಾವಿರಾರು ಮೈಲಿ ಆಚೆ ನಡೆದ ಯುದ್ಧ. 1861ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ, ಉತ್ತರದ ನೌಕಾಪಡೆ ದಕ್ಷಿಣದ ರೇವುಗಳನ್ನು ಮುಚ್ಚಿದಾಗ, ಲ್ಯಾಂಕಾಶೈರಿನ ಗಿರಣಿಗಳಿಗೆ ಬರುತ್ತಿದ್ದ ಹತ್ತಿ ನಿಂತುಹೋಯಿತು. ಗಿರಣಿ ಮಾಲೀಕರ ಕಣ್ಣು ಭಾರತದ ಹತ್ತಿಯತ್ತ ತಿರುಗಿತು. ಮುಂಬಯಿ ಬಂದರಿನಲ್ಲಿ ಹತ್ತಿಯ ಬೆಲೆ ಕೆಲವೇ ತಿಂಗಳುಗಳಲ್ಲಿ ಗಗನಕ್ಕೇರಿತು. ಯುದ್ಧ ನಡೆದ ನಾಲ್ಕು ವರ್ಷಗಳಲ್ಲಿ ಆ ನಗರಕ್ಕೆ ಎಂದಿನ ವ್ಯಾಪಾರಕ್ಕಿಂತ ಹೆಚ್ಚುವರಿಯಾಗಿ ಹರಿದುಬಂದ ಹಣ 7 ಕೋಟಿ ಪೌಂಡುಗಳಿಗೂ ಮೀರಿತ್ತೆಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ.

ಈ ಹತ್ತಿ ಬಂದದ್ದು ಗುಜರಾತ್, ಖಾನದೇಶ, ವಿದರ್ಭಗಳಿಂದ ಮಾತ್ರವಲ್ಲದೆ ಕನ್ನಡ ನಾಡಿನ ಎರೆಭೂಮಿಯಿಂದಲೂ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು, ಏಕೆಂದರೆ ಮುಂಬಯಿಯ ವೈಭವದ ಕಥೆ ಹೇಳುವವರು ಸಾಮಾನ್ಯವಾಗಿ ಈ ಭಾಗವನ್ನು ಬಿಟ್ಟುಬಿಡುತ್ತಾರೆ. 1840ರ ದಶಕದಲ್ಲಿ ಧಾರವಾಡ ಜಿಲ್ಲೆಯಲ್ಲಿ ಕಂಪನಿ ಸರ್ಕಾರ ನ್ಯೂ ಆರ್ಲಿಯನ್ಸ್ ತಳಿಯ ಬೀಜವನ್ನು ಹಂಚಿ, ಬೀಜದಿಂದ ಅರಳೆಯನ್ನು ಬೇರ್ಪಡಿಸುವ ಗರಗಸದ ಹಲ್ಲಿನ ಯಂತ್ರಗಳನ್ನು ಪರಿಚಯಿಸಿತ್ತು. ಈ ಪ್ರಯೋಗ ಭಾರತದ ಬೇರೆ ಹಲವೆಡೆ ಸೋತರೂ ಧಾರವಾಡದ ನೆಲದಲ್ಲಿ ಗೆದ್ದಿತು. ‘ಧಾರವಾಡ ಅಮೆರಿಕನ್’ ಎಂಬ ಹೆಸರಿನಲ್ಲಿ ಆ ಹತ್ತಿ ಪೇಟೆಯಲ್ಲಿ ಪ್ರತ್ಯೇಕ ದರ್ಜೆಯಾಗಿ ಮಾರಾಟವಾಗುತ್ತಿತ್ತು. ನಾಡತಳಿಯ ಹತ್ತಿ ಘಟ್ಟವಿಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ ಅದಕ್ಕೆ ಕುಮಟಾ ಹತ್ತಿಯೆಂಬ ಹೆಸರೇ ಅಂಟಿಕೊಂಡಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಕಾರವಾರವನ್ನು ಧಾರವಾಡದ ಹತ್ತಿಯ ರೇವಾಗಿ ಬೆಳೆಸುವ ವ್ಯಾಪಾರಿಗಳ ಒತ್ತಾಯವಿತ್ತು. ಹೀಗೆ ಮುಂಬಯಿಯ ದಾನಿಗಳ ತಿಜೋರಿಗೆ ಬಿದ್ದ ಹಣದಲ್ಲಿ ಗದಗ, ಹುಬ್ಬಳ್ಳಿ, ನವಲಗುಂದದ ಕಡೆಯ ಒಕ್ಕಲುಗಳ ದುಡಿಮೆಯೂ ಸೇರಿತ್ತು.

ಆ ದಾನಿಗಳಲ್ಲಿ ಇಬ್ಬರು ಈ ಕಥೆಗೆ ಮುಖ್ಯರು. ಮೊದಲನೆಯವರು ಪಾರ್ಸಿ ವರ್ತಕ ಕಾವಸ್‌ಜಿ ಜಹಾಂಗೀರ್ ರೆಡಿಮನಿ. ವಿಶ್ವವಿದ್ಯಾಲಯಕ್ಕೆ ಸಭಾಭವನವೊಂದನ್ನು ಕಟ್ಟಲು ಅವರು 1 ಲಕ್ಷ ರೂಪಾಯಿ ಕೊಟ್ಟರು. ಎರಡನೆಯವರು ಸೂರತ್ ಮೂಲದ ಜೈನ ವ್ಯಾಪಾರಿ, 1831ರಲ್ಲಿ ಹುಟ್ಟಿ ಮೂವತ್ತರ ಪ್ರಾಯದಲ್ಲಿಯೇ ಮುಂಬಯಿಯ ಹತ್ತಿ ಮತ್ತು ಷೇರು ಪೇಟೆಗಳ ಅನಭಿಷಿಕ್ತ ದೊರೆಯೆನಿಸಿದ್ದ ಪ್ರೇಮಚಂದ್ ರಾಯಚಂದ್. ಅವರು 1864ರ ಆಗಸ್ಟ್‌ನಲ್ಲಿ ಗ್ರಂಥಾಲಯ ಕಟ್ಟಡಕ್ಕಾಗಿ 2 ಲಕ್ಷ ರೂಪಾಯಿಗಳನ್ನೂ ಅಕ್ಟೋಬರ್‌ನಲ್ಲಿ ದೊಡ್ಡ ಗಡಿಯಾರ ಮತ್ತು ಗಂಟೆಗಳನ್ನುಳ್ಳ ಗೋಪುರಕ್ಕಾಗಿ ಇನ್ನೂ 2 ಲಕ್ಷ ರೂಪಾಯಿಗಳನ್ನೂ ನೀಡಿ, ಗೋಪುರಕ್ಕೆ ತಮ್ಮ ತಾಯಿ ರಾಜಾಬಾಯಿಯವರ ಹೆಸರಿಡಬೇಕೆಂದು ಕೇಳಿಕೊಂಡರು. ಗ್ರಂಥಾಲಯದ ದಾನಕ್ಕೆ ಅವರು ತಮ್ಮ ಹೆಸರಿಡಬೇಕೆಂದು ಕೇಳಿರಲಿಲ್ಲ. ತಮ್ಮ ಹೆಸರನ್ನು ಬದಿಗಿಟ್ಟು ತಾಯಿಯ ಹೆಸರನ್ನು ನಗರದ ನೆತ್ತಿಯ ಮೇಲೆ ನಿಲ್ಲಿಸಿದ ಈ ನಡೆ, ಅವರ ವ್ಯಾಪಾರದ ಸಾಹಸಗಳೆಲ್ಲ ಮರೆತುಹೋದ ಮೇಲೂ ಅವರನ್ನು ಜನಮನದಲ್ಲಿ ಉಳಿಸಿತು.

ದಾನಪತ್ರಗಳ ಶಾಯಿ ಆರುವ ಮುನ್ನವೇ ಎಂಬಂತೆ ಪೇಟೆ ಮುರಿಯಿತು. ಹತ್ತಿಯ ಲಾಭವನ್ನು ಎಲ್ಲಿ ತೊಡಗಿಸಬೇಕೆಂದು ತಿಳಿಯದೆ ಮುಂಬಯಿಯ ವರ್ತಕರು ಹೊಸ ಹೊಸ ಬ್ಯಾಂಕುಗಳನ್ನೂ ಸಮುದ್ರವನ್ನು ತುಂಬಿ ನೆಲ ಮಾಡುವ ಕಂಪನಿಗಳನ್ನೂ ಹುಟ್ಟುಹಾಕಿದ್ದರು. ಬ್ಯಾಕ್‌ಬೇ ಎಂಬ ಪಶ್ಚಿಮ ಕೊಲ್ಲಿಯನ್ನು ತುಂಬಲು ಹೊರಟ ಕಂಪನಿಯ 5,000 ರೂಪಾಯಿ ಮುಖಬೆಲೆಯ ಷೇರು ಅದರ ಹತ್ತು ಪಟ್ಟು ಬೆಲೆಗೆ ಬಿಕರಿಯಾಗುತ್ತಿತ್ತು. 1865ರ ವಸಂತದಲ್ಲಿ ಅಮೆರಿಕದ ಯುದ್ಧ ಮುಗಿದ ಸುದ್ದಿ ಬಂದೊಡನೆ ಹತ್ತಿಯ ಬೆಲೆ ಕುಸಿಯಿತು. ಮುಂಗಡ ವ್ಯವಹಾರಗಳ ಲೆಕ್ಕ ತೀರಿಸಬೇಕಿದ್ದ ಆ ವರ್ಷದ ಜುಲೈ 1ರಂದು ನೂರಾರು ಮನೆತನಗಳು ದಿವಾಳಿಯಾದವು. ಪ್ರೇಮಚಂದರ ಸಾಮ್ರಾಜ್ಯವೂ ಉರುಳಿತು. ಸ್ವಲ್ಪ ಕಾಲದಲ್ಲಿ ಬ್ಯಾಂಕ್ ಆಫ್ ಬಾಂಬೆಯೇ ಮುಚ್ಚಿಹೋಯಿತು. ಆದರೆ ವಿಶ್ವವಿದ್ಯಾಲಯದ ಕೈಸೇರಿದ್ದ ದಾನದ ಹಣ ಉಳಿಯಿತು. ಕಟ್ಟಡದ ಕೆಲಸ ತಡವಾದುದೇ ಒಂದು ರೀತಿಯಲ್ಲಿ ಅನುಕೂಲವಾಗಿ, ಆ ಮೊತ್ತಕ್ಕೆ ಬಡ್ಡಿ ಸೇರಿ ಬೆಳೆಯಿತು. ಆ ಹುಚ್ಚು ಸಂಪತ್ತಿನಲ್ಲಿ ಬಹುಪಾಲು ಕಾಗದದ ಮೇಲೆಯೇ ಕರಗಿಹೋಯಿತು. ಗಟ್ಟಿಯಾಗಿ ನಿಂತದ್ದು ಹೀಗೆ ದಾನವಾಗಿ ಕೈಬದಲಾಯಿಸಿದ ಪಾಲು.

ಕಟ್ಟಡಕ್ಕೆ ಜಾಗ ಸಿಕ್ಕಿದ್ದೂ ಅದೇ ಕಾಲದ ಇನ್ನೊಂದು ದೊಡ್ಡ ಬದಲಾವಣೆಯಿಂದ. 1862ರಿಂದ 1867ರವರೆಗೆ ಮುಂಬಯಿಯ ಗವರ್ನರ್ ಆಗಿದ್ದ ಸರ್ ಬಾರ್ಟಲ್ ಫ್ರೀಯರ್ ಹಳೆಯ ಕೋಟೆಯ ಗೋಡೆಗಳನ್ನು ಕೆಡವಿಸಿ, ಇಕ್ಕಟ್ಟಿನಲ್ಲಿ ಉಸಿರುಗಟ್ಟಿದ್ದ ಊರಿಗೆ ಬಯಲನ್ನು ತೆರೆದುಕೊಟ್ಟರು. ಕೋಟೆಯ ಪಶ್ಚಿಮಕ್ಕೆ ಫಿರಂಗಿಗಳ ಗುರಿಗೆ ಅಡ್ಡಿಯಾಗದಿರಲೆಂದು ಖಾಲಿ ಬಿಟ್ಟಿದ್ದ ಎಸ್‌ಪ್ಲನೇಡ್ ಎಂಬ ಮೈದಾನದ ಅಂಚಿನಲ್ಲಿ ಸಚಿವಾಲಯ, ವಿಶ್ವವಿದ್ಯಾಲಯದ ಸಭಾಭವನ, ಗ್ರಂಥಾಲಯ, ಹೈಕೋರ್ಟು, ಲೋಕೋಪಯೋಗಿ ಇಲಾಖೆಯ ಕಚೇರಿಗಳು ಒಂದರ ಪಕ್ಕ ಒಂದರಂತೆ ಎದ್ದವು. ಇಂದು ಅವುಗಳ ಎದುರಿಗೆ ಓವಲ್ ಮೈದಾನವೂ ಅದರಾಚೆಗೆ 1930ರ ದಶಕದ ಆರ್ಟ್ ಡೆಕೊ ಶೈಲಿಯ ಮನೆಗಳ ಸಾಲೂ ಇವೆ. ಕಟ್ಟಿದ ಕಾಲದಲ್ಲಿ ಈ ಸಾಲಿಗೂ ಅರಬ್ಬೀ ಸಮುದ್ರಕ್ಕೂ ನಡುವೆ ಮೈದಾನ ಮತ್ತು ರೈಲುಹಳಿ ಬಿಟ್ಟರೆ ಬೇರೇನೂ ಇರಲಿಲ್ಲ. ಹಡಗಿನಲ್ಲಿ ಬರುವವರ ಕಣ್ಣಿಗೆ ನಗರದ ಮುಖವಾಗಿ ಕಾಣಬೇಕೆಂಬುದೇ ಈ ಕಟ್ಟಡಗಳ ಪಶ್ಚಿಮಾಭಿಮುಖ ವಿನ್ಯಾಸದ ಉದ್ದೇಶವಾಗಿತ್ತು.

ವಿಶ್ವವಿದ್ಯಾಲಯದ ಎರಡೂ ಕಟ್ಟಡಗಳ ನಕ್ಷೆಯನ್ನು ರಚಿಸಿದವರು ಲಂಡನ್ನಿನ ವಾಸ್ತುಶಿಲ್ಪಿ ಜಾರ್ಜ್ ಗಿಲ್ಬರ್ಟ್ ಸ್ಕಾಟ್. ಆಲ್ಬರ್ಟ್ ಸ್ಮಾರಕ ಹಾಗೂ ಸೇಂಟ್ ಪ್ಯಾಂಕ್ರಾಸ್ ರೈಲು ನಿಲ್ದಾಣದ ಹೋಟೆಲಿನ ಶಿಲ್ಪಿಯಾಗಿ ಖ್ಯಾತರಾದ ಇವರು ಗಾಥಿಕ್ ಶೈಲಿಯ ಪುನರುಜ್ಜೀವನದ ಮುಂದಾಳು. ಗಾಥಿಕ್ ಎಂದರೆ ಮಧ್ಯಯುಗದ ಯುರೋಪಿನ ಚರ್ಚುಗಳಲ್ಲಿ ಬೆಳೆದ ಶೈಲಿ; ತುದಿ ಚೂಪಾದ ಕಮಾನು, ಪಕ್ಕೆಲುಬುಗಳಂತೆ ಹೆಣೆದ ಚಾವಣಿ, ಗೋಡೆಗೆ ಹೊರಗಿನಿಂದ ಒತ್ತುಕೊಡುವ ಆಸರೆಗಂಬ, ಬಣ್ಣದ ಗಾಜಿನ ದೊಡ್ಡ ಕಿಟಕಿ ಇವು ಅದರ ಗುರುತುಗಳು. ಈ ಶೈಲಿ ಚರ್ಚಿಗೆ ಮಾತ್ರ ಮೀಸಲಲ್ಲ, ಕಚೇರಿಗೂ ಮನೆಗೂ ಒಗ್ಗುತ್ತದೆ ಎಂದು ಸ್ಕಾಟ್ 1857ರಲ್ಲಿ ಒಂದು ಪುಸ್ತಕವನ್ನೇ ಬರೆದು ವಾದಿಸಿದ್ದರು. ಅವರು ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ನಕ್ಷೆಗಳು ಲಂಡನ್ನಿನಿಂದ ಬಂದವು. ಅವನ್ನು ಮುಂಬಯಿಯ ಬಿಸಿಲು, ಮಳೆ, ಕಲ್ಲು ಮತ್ತು ಕೈಕೆಲಸಗಳಿಗೆ ಹೊಂದಿಸಿ ನೆಲದ ಮೇಲೆ ಎಬ್ಬಿಸುವ ಹೊಣೆ ಸರ್ಕಾರಿ ಇಂಜಿನಿಯರುಗಳ, ಅವರ ಭಾರತೀಯ ಸಹಾಯಕರ ಹಾಗೂ ಸ್ಥಳೀಯ ಕಲ್ಲುಕುಟಿಗರ ಪಾಲಿಗೆ ಬಿತ್ತು. ಕಟ್ಟಡಗಳ ಕೀರ್ತಿಯನ್ನು ಹಂಚುವಾಗ ಈ ಸಂಗತಿಗೆ ಸಿಗಬೇಕಾದಷ್ಟು ಬೆಲೆ ಸಿಕ್ಕಿಲ್ಲ.

1869ರಲ್ಲಿ ಕೆಲಸ ಆರಂಭವಾಯಿತು. ಕಾವಸ್‌ಜಿ ಜಹಾಂಗೀರ್ ಸಭಾಭವನ, ಅಂದರೆ ಘಟಿಕೋತ್ಸವ ಭವನ, 1874ರಲ್ಲಿ ಮುಗಿಯಿತು. ಫ್ರೆಂಚ್ ಗಾಥಿಕ್ ಮಾದರಿಯ ಈ ಭವನ ಸುಮಾರು 104 ಅಡಿ ಉದ್ದ, 44 ಅಡಿ ಅಗಲವಿದ್ದು, ಚಾವಣಿಯ ತುದಿಯವರೆಗಿನ ಎತ್ತರ 63 ಅಡಿ. ಅದರ ಒಂದು ತುದಿ ಅರ್ಧವೃತ್ತಾಕಾರವಾಗಿದೆ. ಚರ್ಚಿನಲ್ಲಿ ಪೂಜಾವೇದಿಕೆ ಇರುವ ಈ ಸ್ಥಳದಲ್ಲಿ ಇಲ್ಲಿ ಕುಲಪತಿಯ ಪೀಠವಿದೆ. ಒಳಗೋಡೆಯ ಮೂರು ಬದಿಗಳಲ್ಲಿ ಅಲಂಕೃತ ಕಬ್ಬಿಣದ ಆಸರೆಗಳ ಮೇಲೆ ಮಹಡಿಯ ಮೊಗಸಾಲೆ ಚಾಚಿಕೊಂಡಿದೆ. ಎದುರು ಗೋಡೆಯಲ್ಲಿ ಗುಲಾಬಿ ಕಿಟಕಿಯೆಂದು ಕರೆಯುವ, 20 ಅಡಿ ವ್ಯಾಸದ, ಹೂವಿನ ದಳಗಳಂತೆ ಕಲ್ಲಿನ ಕಡ್ಡಿಗಳಿಂದ ವಿಭಾಗಿಸಿದ ವೃತ್ತಾಕಾರದ ಕಿಟಕಿಯಿದ್ದು, ಅದರ ಹೊರ ಬಳೆಯ ಬಣ್ಣದ ಗಾಜಿನಲ್ಲಿ ಹನ್ನೆರಡು ರಾಶಿಚಿಹ್ನೆಗಳಿವೆ. ಫ್ರಾನ್ಸಿನ ಚರ್ಚುಗಳ ಗುಲಾಬಿ ಕಿಟಕಿಗಳಲ್ಲಿಯೂ ರಾಶಿಚಕ್ರ ಕಾಣಸಿಗುತ್ತದೆಯಾದರೂ, ಪಂಚಾಂಗ ನೋಡಿ ಬದುಕುವ ಜನರ ಮಕ್ಕಳು ಪದವಿ ಪಡೆಯುವ ಭವನದಲ್ಲಿ ಸಂತರ ಬದಲು ಮೇಷ, ವೃಷಭ, ಮಿಥುನಗಳು ಬೆಳಕು ಚೆಲ್ಲುವುದು ಬಹಳ ಸಮಂಜಸವಾದ ಆಯ್ಕೆ. ಹೊರಗಿನ ಎರಡು ಬದಿಗಳಿಗೆ ವರಾಂಡಗಳೂ ತೆರೆದ ಸುರುಳಿ ಮೆಟ್ಟಿಲುಗಳೂ ಇವೆ. ಇಂಗ್ಲೆಂಡಿನ ಚಳಿಗೆ ಗೋಡೆಯೊಳಗೆ ಬಚ್ಚಿಡಬೇಕಾದ ಮೆಟ್ಟಿಲನ್ನು ಇಲ್ಲಿ ಗಾಳಿಗೆ ಬಿಚ್ಚಿಟ್ಟಿದ್ದಾರೆ.

ಪಕ್ಕದ ಗ್ರಂಥಾಲಯದಲ್ಲಿ ಶೈಲಿ ಬದಲಾಗುತ್ತದೆ. ಇದು ವೆನಿಸ್ ನಗರದ ಗಾಥಿಕ್. ಚರ್ಚಿಗಿಂತ ಹೆಚ್ಚಾಗಿ ವರ್ತಕರ ಅರಮನೆಗಳಲ್ಲಿ ಅರಳಿದ್ದು, ಸಾಲುಗಮಾನುಗಳ ತೆರೆದ ಮೊಗಸಾಲೆ ಇದರ ಜೀವಾಳ. ಕಡಲ ವ್ಯಾಪಾರದಿಂದ ಬದುಕಿದ ನಗರವೊಂದರ ಶೈಲಿಯನ್ನು ಅಂಥದೇ ಇನ್ನೊಂದು ನಗರಕ್ಕೆ ತಂದದ್ದು ಸ್ಕಾಟ್ ಅವರ ಒಳ್ಳೆಯ ವಿವೇಚನೆಗೆ ಸಾಕ್ಷಿ. ಕಮಾನುಗಳ ಮೊಗಸಾಲೆ ಪಡುವಣ ಬಿಸಿಲನ್ನೂ ಮುಂಗಾರಿನ ಇರಿಚಲನ್ನೂ ಹೊರಗೇ ತಡೆಯುತ್ತದೆ. ಗಾಳಿ ಮಾತ್ರ ಒಳಬರುತ್ತದೆ. ಮೇಲಂತಸ್ತಿನಲ್ಲಿ ಕಟ್ಟಡದ ಉದ್ದಕ್ಕೂ ಹಬ್ಬಿದ ವಾಚನಾಲಯವಿದೆ. ಅದರ ಉದ್ದ 146 ಅಡಿ, ಅಗಲ 30 ಅಡಿ, ಮೇಲೆ ತೇಗದ ಹಲಗೆಗಳ ಕಮಾನು ಚಾವಣಿ. ಬಣ್ಣದ ಗಾಜುಗಳ ಮೂಲಕ ಇಳಿಯುವ ಮೃದುವಾದ ಬೆಳಕಿನಲ್ಲಿ ಉದ್ದನೆಯ ಮೇಜುಗಳ ಮುಂದೆ ಕುಳಿತು ಓದುವವರಿಗಾಗಿ ಈ ಕೋಣೆಯನ್ನು ರೂಪಿಸಲಾಗಿದೆ. ಗೋಡೆಗೆ ಹಳದಿ ಛಾಯೆಯ ಕುರ್ಲಾ ಕಲ್ಲನ್ನೂ ನವುರಾದ ಕೆತ್ತನೆಗೆ ಉಳಿ ಸುಲಭವಾಗಿ ಇಳಿಯುವ ಪೋರಬಂದರಿನ ಸುಣ್ಣಕಲ್ಲನ್ನೂ ಬಳಸಿದ್ದಾರೆ. ಕಂಬಗಳ ಬೋದಿಗೆಗಳಲ್ಲಿ ಎಲೆ, ಬಳ್ಳಿ, ಪ್ರಾಣಿಪಕ್ಷಿಗಳ ಕೆತ್ತನೆಯಿದೆ. ಅದೇ 1857ರಲ್ಲಿ ಸ್ಥಾಪನೆಯಾದ ಜೆ.ಜೆ. ಕಲಾಶಾಲೆಯಲ್ಲಿ 1865ರಿಂದ ಜಾನ್ ಲಾಕ್‌ವುಡ್ ಕಿಪ್ಲಿಂಗ್ ಕಟ್ಟಡ ಶಿಲ್ಪವನ್ನು ಕಲಿಸುತ್ತಿದ್ದರು; ಮುಂಬಯಿಯ ಗಾಥಿಕ್ ಕಟ್ಟಡಗಳ ಕೆತ್ತನೆಯಲ್ಲಿ ದೇಶೀ ಕೈಚಳಕ ಎದ್ದು ಕಾಣುವಂತಾದುದರಲ್ಲಿ ಆ ಶಾಲೆಯ ಪಾತ್ರ ಹಿರಿದು.

ಗ್ರಂಥಾಲಯದ ಪಶ್ಚಿಮ ಮುಖದ ನಡುವೆ, ಗಾಡಿಗಳು ಬಂದು ನಿಲ್ಲುವ ಮುಖಮಂಟಪದ ಮೇಲೆಯೇ, ರಾಜಾಬಾಯಿ ಗೋಪುರ 280 ಅಡಿ ಎತ್ತರಕ್ಕೆ ಏರುತ್ತದೆ. ತಳ ಚೌಕಾಕಾರ; ಮೇಲೆ ಹೋದಂತೆ ಮೂಲೆಗಳು ಕಡಿದು ಎಂಟು ಮೂಲೆಯ ಆಕಾರ ತಾಳಿ, ಕೊನೆಗೆ ಕಲ್ಲಿನ ಶಿಖರವಾಗಿ ಮುಗಿಯುತ್ತದೆ. ನಿರ್ಮಾಣವಾದಾಗ ಮುಂಬಯಿಯಲ್ಲಿ ಇದಕ್ಕಿಂತ ಎತ್ತರದ ಕಟ್ಟಡವಿರಲಿಲ್ಲ. ಜನ ಇದನ್ನು ಲಂಡನ್ನಿನ ಬಿಗ್ ಬೆನ್ ಜೊತೆ ಹೋಲಿಸುವುದುಂಟು. ಆದರೆ ಈ ಗೋಪುರದ ನಿಜವಾದ ವಿಶೇಷ ಅದರ ಗೂಡುಗಳಲ್ಲಿದೆ. ಗಾಥಿಕ್ ಗೋಪುರಗಳ ಗೂಡುಗಳಲ್ಲಿ ಸಂತರೂ ರಾಜರೂ ನಿಲ್ಲುವುದು ವಾಡಿಕೆ. ಇಲ್ಲಿ ಆ ಸ್ಥಾನದಲ್ಲಿ ಪಶ್ಚಿಮ ಭಾರತದ ಬೇರೆ ಬೇರೆ ಜಾತಿ ಸಮುದಾಯಗಳ ಜನರ 24 ಪ್ರತಿಮೆಗಳಿವೆ. ಮರಾಠ, ರಜಪೂತ, ಪಾರ್ಸಿ, ಗುಜರಾತಿ ಬನಿಯ, ಕಛ್‌ ಮತ್ತು ಕಾಠಿಯಾವಾಡದವರು ತಮ್ಮ ತಮ್ಮ ಉಡುಪಿನಲ್ಲಿ, ತಮ್ಮದೇ ರೀತಿಯ ಪಗಡಿ ಧರಿಸಿ ನಿಂತಿದ್ದಾರೆ. ಪ್ರತಿ ಸಮುದಾಯಕ್ಕೂ ಒಂದೊಂದು ಬಗೆಯ ರುಮಾಲು ಇದ್ದ ಆ ಕಾಲದಲ್ಲಿ ಕೆಳಗಿನಿಂದ ನೋಡುವವನಿಗೆ ತಲೆಯುಡುಪೊಂದೇ ಸಾಕಾಗುತ್ತಿತ್ತು, ಪ್ರತಿಮೆ ಯಾವ ಸಮುದಾಯದವರದೆಂದು ಗುರುತಿಸಲು.

ಈ ಪ್ರತಿಮೆಗಳಿಗೆ ರೂಪ ಕೊಟ್ಟವರು ಸಹಾಯಕ ಇಂಜಿನಿಯರ್ ಮುಕುಂದ ರಾಮಚಂದ್ರ. ಲಂಡನ್ನಿನ ನಕ್ಷೆಯ ಖಾಲಿ ಗೂಡುಗಳಿಗೆ ಮುಂಬಯಿಯ ಬೀದಿಯ ಜನರನ್ನು ಏರಿಸಿ ನಿಲ್ಲಿಸಿದ ಕೈ ಅವರದು. ಇದನ್ನು ಅಭಿಮಾನದಿಂದ ನೆನೆಯುವಾಗಲೂ ಕಾಲದ ಹಿನ್ನೆಲೆಯನ್ನು ಮರೆಯುವಂತಿಲ್ಲ. ಭಾರತದ ಜನರನ್ನು ಜಾತಿಜಾತಿಯಾಗಿ ವಿಂಗಡಿಸಿ, ಛಾಯಾಚಿತ್ರ ತೆಗೆದು, ಎಣಿಸಿ, ಪಟ್ಟಿ ಮಾಡುವ ವಸಾಹತು ಸರ್ಕಾರದ ಹಂಬಲ ಅದೇ ದಶಕಗಳಲ್ಲಿ ಬಲಿಯುತ್ತಿತ್ತು. ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟಗಳ ಛಾಯಾಚಿತ್ರ ಸಂಗ್ರಹ 1868ರಿಂದ 1875ರ ನಡುವೆ ಪ್ರಕಟವಾಯಿತು, ಮೊದಲ ಜನಗಣತಿಯೂ ಆ ಅವಧಿಯಲ್ಲಿಯೇ ನಡೆಯಿತು. ಗೋಪುರದ ಪ್ರತಿಮೆಗಳಲ್ಲಿ ಆ ವಿಂಗಡಣೆಯ ದೃಷ್ಟಿಯ ನೆರಳಿದೆ. ಆದರೂ, ಆಳುವವರು ಕಟ್ಟಿಸಿದ ಕಟ್ಟಡದ ಅತ್ಯುನ್ನತ ಸ್ಥಾನದಲ್ಲಿ ಆಳಿಸಿಕೊಂಡವರ ಮುಖಗಳಿರುವುದು ಸಣ್ಣ ಮಾತಲ್ಲ.

ಗ್ರಂಥಾಲಯ ಮತ್ತು ಗೋಪುರ 1878ರ ನವೆಂಬರ್‌ನಲ್ಲಿ ಪೂರ್ಣಗೊಂಡವು. ಒಟ್ಟು ಸುಮಾರು 5.5 ಲಕ್ಷ ರೂಪಾಯಿ ವೆಚ್ಚವಾಗಿತ್ತು. ಸ್ಕಾಟ್ ಅದೇ ವರ್ಷದ ಮಾರ್ಚ್‌ನಲ್ಲಿ ತೀರಿಕೊಂಡಿದ್ದರು. ಕಾವಸ್‌ಜಿ ಜಹಾಂಗೀರರೂ ಅದೇ ವರ್ಷ ನಿಧನರಾದರು. ನಷ್ಟದಿಂದ ಚೇತರಿಸಿಕೊಂಡಿದ್ದ ಪ್ರೇಮಚಂದ್ ಮಾತ್ರ 1906ರವರೆಗೆ ಬದುಕಿ ತಾಯಿಯ ಹೆಸರಿನ ಗಂಟೆಯ ಸದ್ದನ್ನು ಕೇಳಿದರು. ಗೋಪುರದ 16 ಗಂಟೆಗಳು ದಿನದ ಬೇರೆ ಬೇರೆ ಹೊತ್ತಿನಲ್ಲಿ ಬ್ರಿಟಿಷ್ ರಾಷ್ಟ್ರಗೀತೆಯೂ ಸೇರಿ ಹಲವು ರಾಗಗಳನ್ನು ನುಡಿಸುತ್ತಿದ್ದವು. ಕಣ್ಣು ಕಾಣದ ರಾಜಾಬಾಯಿಯವರು ಜೈನ ನಿಯಮದಂತೆ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಬೇಕಿದ್ದುದರಿಂದ ಅವರಿಗೆ ಹೊತ್ತು ತಿಳಿಯಲೆಂದು ಮಗ ಈ ಗಂಟೆಗಳನ್ನು ಕಟ್ಟಿಸಿದರೆಂಬ ಕಥೆ ಮುಂಬಯಿಯಲ್ಲಿ ಇಂದಿಗೂ ಜನಜನಿತವಾಗಿದೆ. ದಾಖಲೆಗಿಂತ ಪ್ರೀತಿಯೇ ಅದಕ್ಕೆ ಆಧಾರ. ಗೋಪುರಕ್ಕೆ ಕರಾಳ ನೆನಪೂ ಇದೆ: 1891ರ ಏಪ್ರಿಲ್‌ನಲ್ಲಿ ಇಬ್ಬರು ಪಾರ್ಸಿ ತರುಣಿಯರು ಅದರ ಮೇಲಿನಿಂದ ಬಿದ್ದು ಸತ್ತ ಪ್ರಕರಣ ಇಡೀ ಪ್ರಾಂತ್ಯವನ್ನು ಕಲಕಿತ್ತು. ಸಾರ್ವಜನಿಕರು ಇಂದು ಗೋಪುರವನ್ನು ಹತ್ತುವಂತಿಲ್ಲ.

ಬೋಧನೆಯಿಲ್ಲದ ವಿಶ್ವವಿದ್ಯಾಲಯಕ್ಕೆ ಇಷ್ಟು ಭವ್ಯವಾದ ಸಭಾಭವನ ಏಕೆ ಬೇಕಾಯಿತೆಂಬ ಪ್ರಶ್ನೆ ಸಹಜ. ಪುಣೆ, ಅಹಮದಾಬಾದು, ಕರಾಚಿಗಳಲ್ಲಿ ಚದುರಿಹೋಗಿದ್ದ ಕಾಲೇಜುಗಳ ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯ ಕಣ್ಣಿಗೆ ಕಾಣುವುದು ಘಟಿಕೋತ್ಸವದ ದಿನ ಮಾತ್ರ. ಆ ಒಂದು ದಿನದ ಗಾಂಭೀರ್ಯವೇ ಸಂಸ್ಥೆಯ ಘನತೆಯನ್ನು ಹೊರಬೇಕಿತ್ತು. 1883ರಲ್ಲಿ ಮಹಿಳೆಯರಿಗೂ ಪದವಿಯ ಬಾಗಿಲು ತೆರೆಯಿತು; ಅದೇ ದಶಕದಲ್ಲಿ ಕೊರ್ನೇಲಿಯ ಸೊರಾಬ್‌ಜಿ ಈ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪದವೀಧರೆಯಾದರು. 1904ರ ಕಾಯ್ದೆ ವಿಶ್ವವಿದ್ಯಾಲಯಗಳಿಗೆ ಸ್ವತಃ ಬೋಧಿಸುವ ಅವಕಾಶ ಕೊಟ್ಟ ಮೇಲೆ ಸ್ನಾತಕೋತ್ತರ ವಿಭಾಗಗಳು ಒಂದೊಂದಾಗಿ ಹುಟ್ಟಿಕೊಂಡವು. 1919ರಲ್ಲಿ ಪ್ಯಾಟ್ರಿಕ್ ಗೆಡ್ಡೆಸ್ ನೇತೃತ್ವದ ಸಮಾಜಶಾಸ್ತ್ರ ವಿಭಾಗ ಅವುಗಳಲ್ಲೊಂದು.

ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳ ಕನ್ನಡಿಗರಿಗೆ ತೊಂಬತ್ತು ವರ್ಷಗಳ ಕಾಲ ಪದವಿಯೆಂದರೆ ಈ ವಿಶ್ವವಿದ್ಯಾಲಯದ ಪದವಿಯೇ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಗುವವರೆಗೆ ಹೆಚ್ಚಿನವರು ಪುಣೆಗೆ ಹೋಗಿ ಓದಬೇಕಿತ್ತು. ಆಲೂರ ವೆಂಕಟರಾಯರೂ ದ.ರಾ. ಬೇಂದ್ರೆಯವರೂ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ ಮುಂಬಯಿ ವಿಶ್ವವಿದ್ಯಾಲಯದ ಪದವೀಧರರಾದವರು. ಆಡಳಿತ ದೂರದ ಊರಿನಲ್ಲಿ, ಪಾಠ ಇನ್ನೊಂದು ಭಾಷೆಯ ಊರಿನಲ್ಲಿ ಎಂಬ ಈ ಸ್ಥಿತಿಯೇ ಕರ್ನಾಟಕ ಏಕೀಕರಣದ ಚಿಂತನೆಗೂ ಪ್ರತ್ಯೇಕ ವಿಶ್ವವಿದ್ಯಾಲಯದ ಬೇಡಿಕೆಗೂ ಬಲ ತುಂಬಿತು. ಕೊನೆಗೆ ಮುಂಬಯಿ ಶಾಸನಸಭೆಯ ಕಾಯ್ದೆಯಿಂದಲೇ 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿ, ಮೊದಲು ಮುಂಬಯಿಯಲ್ಲಿಯೇ ಕಾರ್ಯಾರಂಭ ಮಾಡಿ, 1950ರಲ್ಲಿ ಧಾರವಾಡಕ್ಕೆ ಸ್ಥಳಾಂತರಗೊಂಡಿತು.

ಉಪ್ಪುಗಾಳಿ, ಮಳೆ, ವಾಹನಗಳ ಹೊಗೆ ಇವು ಕಟ್ಟಡಗಳನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಸವೆಸಿದವು. ಘಟಿಕೋತ್ಸವ ಭವನದ ಜೀರ್ಣೋದ್ಧಾರಕ್ಕೆ 2007ರಲ್ಲಿ ಯುನೆಸ್ಕೋದ ಏಷ್ಯಾ ಪೆಸಿಫಿಕ್ ಪರಂಪರೆ ಪ್ರಶಸ್ತಿ ದೊರೆಯಿತು. ಗ್ರಂಥಾಲಯ ಮತ್ತು ಗೋಪುರಗಳ ದುರಸ್ತಿ 2013ರಿಂದ 2015ರವರೆಗೆ ನಡೆದು, ಬಣ್ಣದ ಗಾಜುಗಳನ್ನು ಬಿಚ್ಚಿ ಶುಚಿಗೊಳಿಸಿ ಮತ್ತೆ ಕೂರಿಸಲಾಯಿತು. 2018ರಲ್ಲಿ ಓವಲ್ ಮೈದಾನದ ಎರಡೂ ಬದಿಯ ಗಾಥಿಕ್ ಮತ್ತು ಆರ್ಟ್ ಡೆಕೊ ಕಟ್ಟಡಗಳ ಸಮೂಹ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಇವೂ ಅದರ ಭಾಗವಾದವು.

ಸ್ಕಾಟ್ ಅವರ ಶೈಲಿಯ ಬಗ್ಗೆಯೂ ಪ್ರೇಮಚಂದರ ದಾನದ ಬಗ್ಗೆಯೂ ಸಾಕಷ್ಟು ಬರವಣಿಗೆ ಬಂದಿದೆ. ಆದರೆ ಆ ದಾನದ ಮೂಲವಾದ ಹತ್ತಿ ಧಾರವಾಡದ ಹೊಲಗಳಿಂದ ಕುಮಟೆಯ ದಕ್ಕೆಯವರೆಗೆ, ಅಲ್ಲಿಂದ ಮುಂಬಯಿಯ ಹತ್ತಿ ಪೇಟೆಯವರೆಗೆ ಸಾಗಿದ ದಾರಿಯನ್ನು ಈ ಕಟ್ಟಡಗಳ ಇತಿಹಾಸದೊಂದಿಗೆ ಜೋಡಿಸಿ ನೋಡುವ ಕೆಲಸ ಕನ್ನಡದಲ್ಲಿ ವಿಸ್ತಾರವಾಗಿ ಆಗಬೇಕಿದೆ. ಅದಕ್ಕೆ ಬೇಕಾದ ಹಳೆಯ ಗ್ಯಾಸೆಟಿಯರುಗಳು, ಹತ್ತಿ ಇಲಾಖೆಯ ವರದಿಗಳು, ವರ್ತಕ ಮನೆತನಗಳ ಲೆಕ್ಕದ ಪುಸ್ತಕಗಳು ಧಾರವಾಡ, ಹುಬ್ಬಳ್ಳಿ, ಕುಮಟಾ, ಮುಂಬಯಿಗಳಲ್ಲಿ ಹರಡಿಕೊಂಡಿರುತ್ತವೆ. ಅವು ಗೆದ್ದಲಿಗೆ ತುತ್ತಾಗುವ ಮೊದಲು ಉತ್ತರ ಕರ್ನಾಟಕದ ಯುವ ಸಂಶೋಧಕರು ಈ ವಿಷಯವನ್ನು ಕೈಗೆತ್ತಿಕೊಳ್ಳಬೇಕು.